ನಿಧಿ ಸಿಗಲಿಲ್ಲ, ಕಿಂಡಿ ಸಿಕ್ಕಿತು

(ಚಿತ್ರದುರ್ಗದಲ್ಲಿ ಒಂದು ಭಾನುವಾರ ಬೆಳಗ್ಗೆ ಗೆಳೆಯರ ಕೂಟದಲ್ಲಿ ಆಡಿದ ಮಾತು ಇದು. ಬರೆಯುವಾಗ ಸ್ವಲ್ಪ ಕತ್ತರಿಸಿದ್ದೇನೆ, ಮರೆತದ್ದನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಿಧಿ ಸಿಗಲಿಲ್ಲ. ಹಳೆ ತೋಟ ರಿಪೇರಿ ಮಾಡಿಸುತ್ತಿದ್ದೇನೆ ಎಂದರೆ ನಮ್ಮ ಕಡೆ ಜನ ಕೇಳುವ ಮೊದಲ ಪ್ರಶ್ನೆ ಅದೇ. ಬಾಯಲ್ಲಿ ಕೇಳದವರು ಕಣ್ಣಲ್ಲಿ ಕೇಳುತ್ತಾರೆ. ನಾವು ಕೈ ಹಾಕುವ ಮೊದಲೇ ಯಾರೋ ರಾತ್ರಿ ಬಂದು ಮಂಟಪದ ನಡುಗಲ್ಲು ಕಿತ್ತು, ಆಳುದ್ದ ಗುಂಡಿ ತೋಡಿ ಹೋಗಿದ್ದರು. ಗುಂಡಿಯಲ್ಲಿ ನಿಂಬೆಹಣ್ಣು, ಕುಂಕುಮ, ಒಂದು ಬೀಡಿ ಕಟ್ಟು. ಅವರಿಗೂ ಏನೂ ಸಿಕ್ಕಿರಲಿಕ್ಕಿಲ್ಲ. ಆದರೆ ಆ ಗುಂಡಿಗೆ ನೀರು ಇಳಿದು ಮಂಟಪದ ಒಂದು ಕಂಬ ವಾಲಿತು. ಅದಕ್ಕೇ ಇವತ್ತು ಊರಿನ ಹೆಸರು ಹೇಳುವುದಿಲ್ಲ. ಹೊಳಲ್ಕೆರೆ ಕಡೆ ಹೋಗುವ ದಾರಿಯಲ್ಲಿ, ಒಂದು ಕಲ್ಲುಗುಡ್ಡದ ಬುಡದಲ್ಲಿದೆ ಎಂದಷ್ಟೇ ಇಟ್ಟುಕೊಳ್ಳಿ.

ಎರಡು ಎಕರೆಗೆ ಸ್ವಲ್ಪ ಕಡಿಮೆ ಜಾಗ. ಸುತ್ತ ಗೋಡೆ. ಊರಿನವರ ಬಾಯಲ್ಲಿ ಅದು ಕೋಟೆ ತೋಟ. ದುರ್ಗದ ಕೋಟೆಗೂ ಅದಕ್ಕೂ ಸಂಬಂಧ ಇಲ್ಲ, ಗೋಡೆ ಇದೆ ಅಂತ ಕೋಟೆ, ಅಷ್ಟೇ. ಒಂಬತ್ತು ಅಡಿ ಎತ್ತರ. ಬುಡ ಕಲ್ಲಿನದು, ಮೇಲೆ ಮಣ್ಣು, ಮೈಗೆ ಗಾರೆ. ಒಳಗೆ ಒಂದು ಕಪಿಲೆ ಬಾವಿ, ನಾಲ್ಕು ಕಂಬದ ಮಂಟಪ, ಬಾಗಿಲ ಪಕ್ಕದಲ್ಲಿ ಎರಡು ಅಂಕಣದ ಮಾಳಿಗೆ ಮನೆ. ನನ್ನ ಹೆಂಡತಿಯ ತಾಯಿ ಮನೆಯವರ ಆಸ್ತಿ. ಹಾಳಾದದ್ದಕ್ಕೆ ಯುದ್ಧವೂ ಕಾರಣ ಅಲ್ಲ, ಬರವೂ ಕಾರಣ ಅಲ್ಲ. ಹಿಸ್ಸೆ! ಆರು ಜನ ಪಾಲುದಾರರು, ಪಹಣಿಯಲ್ಲಿ ತೀರಿಹೋದವರ ಹೆಸರು, ಇಪ್ಪತ್ತೆರಡು ವರ್ಷ ಕೇಸು. ನಮ್ಮ ಸೀಮೆಯಲ್ಲಿ ಹಳೆ ಕಟ್ಟಡ ಬೀಳುವುದಕ್ಕೆ ಮಳೆಗಿಂತ ಇದೇ ಜಾಸ್ತಿ ಕಾರಣ ಅನ್ನಿಸುತ್ತದೆ ನನಗೆ.

ಗೋಡೆ ಯಾಕೆ ಕಟ್ಟಿದರು? ಇಂಗ್ಲೆಂಡಿನಲ್ಲೂ ಇಂಥ ಗೋಡೆ ತೋಟಗಳಿವೆ. ಅಲ್ಲಿ ಇಟ್ಟಿಗೆ ಗೋಡೆ ಹಗಲು ಬಿಸಿಲು ಕುಡಿದು ರಾತ್ರಿ ಬಿಟ್ಟುಕೊಡುತ್ತದೆ. ಆ ಬಿಸಿಯಲ್ಲಿ ಚಳಿ ದೇಶದಲ್ಲೂ ಹಣ್ಣು ಮಾಗುತ್ತದೆ. ಕಾರ್ನ್‌ವಾಲ್ ಎಂಬ ಕಡೆ ಹೆಲಿಗನ್ ಎನ್ನುವ ಒಂದು ದೊಡ್ಡ ತೋಟ ಇದೆ. 1914ರ ಯುದ್ಧಕ್ಕೆ ಅಲ್ಲಿನ ತೋಟಗಾರರು ಹೋದರು, ತುಂಬ ಜನ ವಾಪಸ್ ಬರಲಿಲ್ಲ, ತೋಟ ಕಾಡಾಯಿತು. 1990ರಲ್ಲಿ ಮುಳ್ಳು ಬಿಡಿಸಿಕೊಂಡು ಒಳಗೆ ಹೋದವರಿಗೆ ಗೋಡೆಯ ಮೇಲೆ ಆ ತೋಟಗಾರರು ಗೀಚಿದ್ದ ಹೆಸರುಗಳು ಕಂಡವಂತೆ. ಓದಿ ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ನಮ್ಮ ಗೋಡೆಯ ಮೇಲೆ ಇದ್ದದ್ದು ಒಂದು ಚುನಾವಣೆ ಚಿಹ್ನೆ, ಒಂದು ಗುಟ್ಕಾ ಜಾಹೀರಾತು.

ನಮಗೆ ಬಿಸಿ ಹಿಡಿಯುವ ಗೋಡೆ ಬೇಡ, ಬಿಸಿ ಬೇಕಾದಷ್ಟಿದೆ. ಇಲ್ಲಿ ಗೋಡೆ ಕಟ್ಟಿದ್ದು ಗಾಳಿಗೆ ಮತ್ತು ಕುರಿ ಮೇಕೆಗೆ. ಆಷಾಢದಲ್ಲಿ ದುರ್ಗದ ಗಾಳಿ ಹೇಗಿರುತ್ತದೆ ನಿಮಗೆ ಗೊತ್ತು. ಸುಮ್ನೆ ಗುಡ್ಡಗಳ ಮೇಲೆಲ್ಲ ಗಾಳಿಯಂತ್ರ ನೆಟ್ಟಿಲ್ಲ. ಆ ಗಾಳಿ ಬೆಳಗ್ಗೆ ಹಾಯಿಸಿದ ನೀರನ್ನು ಮಧ್ಯಾಹ್ನಕ್ಕೆ ಹೀರಿಬಿಡುತ್ತದೆ. ಗೋಡೆ ಇದ್ದರೆ ನೆಲದ ತೇವ ಒಂದೆರಡು ದಿನ ಹೆಚ್ಚು ನಿಲ್ಲುತ್ತದೆ. ಬಾವಿಯಿಂದ ಎತ್ತು ಕಟ್ಟಿ ನೀರು ಎತ್ತುತ್ತಿದ್ದವರಿಗೆ ಒಂದೆರಡು ದಿನ ಅಂದರೆ ಸಣ್ಣ ಮಾತಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಾನು ಇಂಜಿನಿಯರ್. ಮೂವತ್ತೊಂದು ವರ್ಷ ಸಿಮೆಂಟು, ಜಲ್ಲಿ, ಕಂಬಿ ಎಂದೇ ಅನ್ನ ತಿಂದವನು. ಕೇಸು ಮುಗಿದು ಬೀಗದ ಕೈ ಕೈಗೆ ಬಂದಾಗ ಒಳಗೆ ಕಾಲಿಡುವ ಹಾಗಿರಲಿಲ್ಲ. ಬಳ್ಳಾರಿ ಜಾಲಿ, ಲಂಟಾನ, ಅದರ ಕೆಳಗೆ ಕಾಂಗ್ರೆಸ್ ಗಿಡ. ನಾನು ಎಲ್ಲ ಇಂಜಿನಿಯರ್‌ಗಳು ಮಾಡುವುದನ್ನೇ ಮಾಡಿದೆ. ಜೆಸಿಬಿ ಕರೆಸಿದೆ.

ಎರಡೇ ದಿನ. ಮೈದಾನ ಆಯಿತು. ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ, ಎಲ್ಲರೂ ಹೆಬ್ಬೆರಳು ಎತ್ತಿದರು. ಪಡುವಣ ಗೋಡೆಯ ಬುಡದಲ್ಲಿ ಒಂದು ತಗ್ಗು ಇತ್ತು, ಅದನ್ನು ಮಣ್ಣು ತಳ್ಳಿ ಮುಚ್ಚಿಸಿದೆ. ಗೋಡೆಯಲ್ಲಿ ಒಂದು ತೂತೂ ಇತ್ತು, ಹೆಗ್ಗಣದ ಬಿಲ ಇರಬೇಕು ಎಂದುಕೊಂಡು ಕಲ್ಲು ಮಣ್ಣು ತುಂಬಿಸಿದೆ. ನಡುವೆ ಯಂತ್ರದ ಹಲ್ಲಿಗೆ ಅಂಗೈ ಅಗಲದ ಹೆಂಚಿನ ಚೂರುಗಳು, ಗಾರೆ ಗಟ್ಟಿಗಳು ಬರುತ್ತಿದ್ದವು. ಕಸ ಎಂದು ಟ್ರ್ಯಾಕ್ಟರಿಗೆ ತುಂಬಿಸಿ ಹೊರಗೆ ಸುರಿಸಿದೆ.

ನಮ್ಮ ಜಿಲ್ಲೆಯಲ್ಲಿ ದೊಡ್ಡ ಮಳೆ ಸಾಮಾನ್ಯವಾಗಿ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಬರುತ್ತದೆ. ಆ ವರ್ಷ ಉತ್ತರೆ ಮಳೆ ಒಂದೇ ರಾತ್ರಿ ಸುರಿಯಿತು. ಬೆಳಗ್ಗೆ ತೋಟ ನೋಡಿಕೊಳ್ಳುವ ಹುಡುಗನ ಫೋನು. "ಸಾರ್, ಪಡುವಣ ಗೋಡೆ ಮಲಗಿಬಿಟ್ಟಿದೆ." ಇಪ್ಪತ್ತೆಂಟು ಅಡಿ ಗೋಡೆ, ನೂರು ವರ್ಷದ ಮೇಲೆ ನಿಂತಿದ್ದದ್ದು, ನನ್ನ ಕೈಗೆ ಬಂದ ಐದನೇ ತಿಂಗಳಿಗೆ ಬಿತ್ತು.

ಮೇಸ್ತ್ರಿ ಒಬ್ಬರು ಸಿಕ್ಕಿದ್ದು ಆಮೇಲೆ. ಎಪ್ಪತ್ತು ದಾಟಿದವರು, ಗಾರೆ ಕೆಲಸ ಕೈಯಲ್ಲಿ ಮಾಡಿ ಗೊತ್ತಿದ್ದವರು. ಬಂದವರು ಬಿದ್ದ ಗೋಡೆ ನೋಡಲೇ ಇಲ್ಲ. ಗೋಡೆಯ ಆಚೆ ಗುಡ್ಡದ ಕಡೆ ಹೋಗಿ ಕೂತರು. ಎರಡು ಕೊಡ ನೀರು ತರಿಸಿ ಬಂಡೆಯ ಮೇಲಿಂದ ಸುರಿಸಿದರು. ನೀರು ಎತ್ತ ಹೋಗುತ್ತದೆ ಎಂದು ನೋಡುತ್ತಾ ಹಿಂದೆಯೇ ನಡೆದರು. ಅದು ನೇರ ಬಂದು, ನಾನು ಮುಚ್ಚಿಸಿದ್ದ ಆ "ಹೆಗ್ಗಣದ ಬಿಲ" ಇದ್ದಲ್ಲಿ ನಿಂತಿತು.

"ಸಾಮಿ, ಬಾಗಿಲು ಹಾಕ್ಬಿಟ್ಟಿದೀರಲ್ಲ. ಬಂದ ನೆಂಟ ಎಲ್ಲಿ ಹೋಗ್ಬೇಕು?" ಅಂದರು.

ಆಮೇಲೆ ಸೌದೆ ಕಡ್ಡಿಯಲ್ಲಿ ಕೆದಕಿದಾಗ ಗೊತ್ತಾಯಿತು. ಅದು ಕಲ್ಲು ಕಟ್ಟಿದ ಕಿಂಡಿ. ಗುಡ್ಡದ ನೀರು ಅದರೊಳಗೆ ಬಂದು, ಒಳಗಿನ ತಗ್ಗಿನಲ್ಲಿ ಹೂಳು ಬಿಟ್ಟು, ಹೆಂಚು ಹಾಸಿದ ಸಣ್ಣ ಕಾಲುವೆ ಹಿಡಿದು ಬಾವಿಯ ಕಡೆ ಹೋಗುತ್ತಿತ್ತು. ಆ ಕಾಲುವೆಯ ಹೆಂಚನ್ನೇ ನಾನು ಟ್ರ್ಯಾಕ್ಟರಿಗೆ ತುಂಬಿಸಿದ್ದು. ದಾರಿ ಸಿಗದ ನೀರು ಗೋಡೆಯ ಬೆನ್ನಿಗೆ ನಿಂತಿತು, ಬುಡ ನೆನೆಯಿತು, ಗೋಡೆ ಮಲಗಿತು.

ನಾವು ಬೆಳೆದದ್ದು ಎಲ್ಲಿ ಹೇಳಿ. ನೀರಿನ ದಾರಿಗೆ ದುರ್ಗಕ್ಕಿಂತ ಒಳ್ಳೆ ಪಾಠ ಬೇಕಾ? ಕೋಟೆ ಮೇಲೆ ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ ಬರುತ್ತದೆ. ಅದು ತುಂಬಿದರೆ ಅಕ್ಕತಂಗಿ ಹೊಂಡ, ಅಲ್ಲಿಂದ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆ ಹೊಂಡ. ಒಂದರ ಕೋಡಿ ಇನ್ನೊಂದರ ಬಾಯಿ. ಚಂದ್ರವಳ್ಳಿಯಲ್ಲಿ ಬಂಡೆ ಮೇಲೆ ಮಯೂರಶರ್ಮನ ಶಾಸನ ಇದೆಯಲ್ಲ, ಸುಮಾರು ನಾಲ್ಕನೇ ಶತಮಾನದ್ದು, ಪ್ರಾಕೃತದಲ್ಲಿ ಬರೆದದ್ದು. ಗೆದ್ದ ರಾಜರ ಪಟ್ಟಿ ಅದರಲ್ಲಿದೆ ನಿಜ. ಆದರೆ ಅದನ್ನು ಕೊರೆಸಿದ್ದು ಅವನು ಕೆರೆ ಕಟ್ಟಿಸಿದ ವಿಷಯಕ್ಕೆ. ಸಾವಿರದ ಆರುನೂರು ವರ್ಷದಿಂದ ಬಂಡೆ ಮೇಲೆ ಬರೆದಿಟ್ಟಿದ್ದನ್ನು ಚಿಕ್ಕಂದಿನಲ್ಲಿ ಪಿಕ್ನಿಕ್ ಹೋದಾಗಲೆಲ್ಲ ನೋಡಿದ್ದೇನೆ. ಜೆಸಿಬಿ ಕರೆಸುವಾಗ ನೆನಪಾಗಲಿಲ್ಲ.

ಮೇಸ್ತ್ರಿ ಒಂದು ಮಾತು ಹೇಳುತ್ತಿದ್ದರು. ಗೋಡೆಗೆ ತಲೆ ನೆನೆಯಬಾರದು, ಕಾಲು ನೆನೆಯಬಾರದು, ಮೈಗೆ ಉಸಿರಾಡಲು ಬಿಡಬೇಕು. ಮೈ ವಿಷಯದಲ್ಲೂ ನಾನು ತಪ್ಪು ಮಾಡಿದ್ದೆ, ಅದೂ ಹಿಂದೆಯೇ. 1998ರಲ್ಲಿ ಕೇಸು ನಡೆಯುವಾಗಲೇ ಮಾವನವರು ಕೇಳಿದರು ಎಂದು ಬಾಗಿಲ ಎರಡೂ ಬದಿ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಹೊಡೆಸಿದ್ದೆ. ಗಟ್ಟಿ ಆಗುತ್ತದೆ ಎಂದು. ಈಗ ಅದನ್ನು ತಟ್ಟಿದರೆ ಮಡಕೆ ಹಾಗೆ ಡಬ್ ಡಬ್ ಅನ್ನುತ್ತಿತ್ತು. ಹಾಳೆಯ ಹಾಗೆ ಎದ್ದು ಬಂತು, ಹಿಂದೆ ಮಣ್ಣು ಹಿಟ್ಟು ಹಿಟ್ಟಾಗಿ ಸುರಿಯಿತು. ನೆಲದ ತೇವ ಮಣ್ಣಿನ ಗೋಡೆಯಲ್ಲಿ ಮೇಲೆ ಏರುತ್ತದೆ, ಗಾರೆಯ ಮೂಲಕ ಆವಿಯಾಗಿ ಹೋಗುತ್ತದೆ. ಸಿಮೆಂಟ್ ಅದನ್ನು ಬಿಡುವುದಿಲ್ಲ. ತೇವದ ಜೊತೆ ಬಂದ ಉಪ್ಪು ಒಳಗೇ ಹರಳುಗಟ್ಟಿ ಮಣ್ಣನ್ನು ಪುಡಿ ಮಾಡುತ್ತದೆ. ಹೊರಗೆ ನೋಡಿದರೆ ಥಳ ಥಳ, ಒಳಗೆ ಗೆದ್ದಲು ತಿಂದ ಹಾಗೆ. ಮಣ್ಣಿನ ಗೋಡೆ ಬಾಳುವುದಿಲ್ಲ ಅನ್ನುವವರು ಒಮ್ಮೆ ಕೋಟೆ ಹತ್ತಿ ಅರಮನೆ ಇದ್ದ ಜಾಗ ನೋಡಿ. 1779ರಲ್ಲಿ ಹೈದರಾಲಿ ದುರ್ಗ ಹಿಡಿದ. ಅಲ್ಲಿನ ಮಣ್ಣಿನ ಗೋಡೆಗಳು ಸೂರಿಲ್ಲದೆ ಇವತ್ತಿಗೂ ನಿಂತಿವೆ.

ಗಾರೆ ಮಾಡುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ನನಗೆ ಇದರಲ್ಲಿ ಈಗ ಹುಚ್ಚು ಹಿಡಿದಿದೆ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಡುತ್ತಾರೆ. 900 ಡಿಗ್ರಿ ಹತ್ತಿರ ಕಾವು ಬೇಕು. ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟು ಹೋಗಿ ಹಗುರವಾದ ಸುಟ್ಟ ಸುಣ್ಣ ಉಳಿಯುತ್ತದೆ. ಅದನ್ನು ನೀರಿಗೆ ಹಾಕಿದರೆ ಕುದಿಯುತ್ತದೆ, ಅರಳುತ್ತದೆ. ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು, ಆದ್ದರಿಂದ ಮಕ್ಕಳನ್ನು ದೂರ ಇಡಿ. ಅರಳಿದ್ದನ್ನು ಸೋಸಿ ಗುಂಡಿಯಲ್ಲಿ ನೀರು ನಿಲ್ಲಿಸಿ ಬಿಡಬೇಕು. ನಾವು ಒಂದೂವರೆ ತಿಂಗಳು ಬಿಟ್ಟೆವು. ಹೊತ್ತು ಕಳೆದಷ್ಟೂ ಬೆಣ್ಣೆ ಹಾಗೆ ಆಗುತ್ತದೆ. ಆಮೇಲೆ ಗೋಡೆಗೆ ಬಳಿದಾಗ ಅದು ಗಾಳಿಯಿಂದ ಅದೇ ಡೈಆಕ್ಸೈಡನ್ನು ಮತ್ತೆ ಎಳೆದುಕೊಂಡು ಪುನಃ ಕಲ್ಲಾಗುತ್ತದೆ. ಕಲ್ಲು ಸುಟ್ಟು ಸುಣ್ಣ ಮಾಡಿ, ಸುಣ್ಣವನ್ನು ಗೋಡೆಯ ಮೇಲೆ ವಾಪಸ್ ಕಲ್ಲು ಮಾಡುವುದು. ಕಾಲೇಜಿನಲ್ಲಿ ನಮಗೆ ಇದನ್ನು ಅರ್ಧ ಪುಟದಲ್ಲಿ ಮುಗಿಸಿದ್ದರು.

ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ಮರಳು, ಒಂದು ಪಾಲು ಇಟ್ಟಿಗೆ ಪುಡಿ. ಸುಟ್ಟ ಇಟ್ಟಿಗೆಯ ಪುಡಿ ಇದ್ದರೆ ತೇವದಲ್ಲೂ ಗಾರೆ ಗಟ್ಟಿಯಾಗುತ್ತದೆ. ಕಾಲುವೆಗೆ, ಬಾವಿ ಕಟ್ಟೆಗೆ ಅದು ಬೇಕೇ ಬೇಕು. ಬೆಲ್ಲ ಮತ್ತು ಅಳಲೆಕಾಯಿ ಜಜ್ಜಿ ಕೊಳೆಹಾಕಿದ ನೀರು ಸೇರಿಸಿ ಅರೆಯಬೇಕು. ಹಿಂದೆ ಎತ್ತು ಕಟ್ಟಿ ಗಾಣದಲ್ಲಿ ಅರೆಯುತ್ತಿದ್ದರು. ನಮಗೆ ಎತ್ತು ಸಿಗಲಿಲ್ಲ, ಇಡ್ಲಿ ಹಿಟ್ಟು ರುಬ್ಬುವ ಹೋಟೆಲಿನ ಹಳೆ ದೊಡ್ಡ ಗ್ರೈಂಡರ್ ಕೊಂಡೆವು. ಮೇಸ್ತ್ರಿ ಮೂಗು ಮುರಿದರು, ಆಮೇಲೆ ಬೆರಳಲ್ಲಿ ಮುಟ್ಟಿ ನೋಡಿ ಒಪ್ಪಿದರು. ಬೆಲ್ಲದ ವಾಸನೆಗೆ ಇರುವೆ, ಜೇನುನೊಣ ಎಲ್ಲ ಬಂದವು. ಊರಿನ ಹುಡುಗರು "ತೋಟದಲ್ಲಿ ಏನೋ ಕಾಯಿಸ್ತಿದಾರೆ" ಎಂದು ಸುದ್ದಿ ಹಬ್ಬಿಸಿ ಅದು ಪೊಲೀಸ್ ಸ್ಟೇಷನ್ ತನಕ ಹೋಯಿತು. ಅದು ಬೇರೆ ಕಥೆ.

ಗಾರೆಗೆ ಅವಸರ ಆಗುವುದಿಲ್ಲ. ಒಂದು ಪದರ ಅರ್ಧ ಇಂಚು. ಅದು ಬಿಗಿಯುವವರೆಗೆ ಮುಂದಿನದಿಲ್ಲ. ಮೇಲೆ ಒದ್ದೆ ಗೋಣಿಚೀಲ, ದಿನಕ್ಕೆ ಮೂರು ಸಲ ನೀರು. ಏಪ್ರಿಲ್ ಮೇ ಬಿಸಿಲಿನಲ್ಲಿ ಮಾಡಿದ್ದು ಬಿರುಕು ಬಿಟ್ಟಿತು, ಕೆರೆದು ಹಾಕಿ ಕಾರ್ತಿಕದಲ್ಲಿ ಮತ್ತೆ ಮಾಡಿದೆವು. ಬಿದ್ದ ಇಪ್ಪತ್ತೆಂಟು ಅಡಿ ಎಬ್ಬಿಸಲು ಹತ್ತು ತಿಂಗಳು ಹಿಡಿಯಿತು. ಬಿದ್ದ ಮಣ್ಣನ್ನೇ ಜರಡಿ ಹಿಡಿದು, ಹುಲ್ಲು ಸೇರಿಸಿ, ಕಾಲಲ್ಲಿ ತುಳಿದು ವಾಪಸ್ ಏರಿಸಿದ್ದು. ಹೊಸ ಮಣ್ಣು ಒಂದು ಗಾಡಿಯಷ್ಟೂ ತರಲಿಲ್ಲ.

ಗೋಡೆಯಲ್ಲಿ ಅರಳಿ ಗಿಡ ಬೆಳೆದಿದ್ದರೆ ದಯವಿಟ್ಟು ಕೀಳಬೇಡಿ. ಬೇರು ಗೋಡೆಯೊಳಗೆ ಹೊಲಿಗೆ ಹಾಕಿದ ಹಾಗೆ ಹೋಗಿರುತ್ತದೆ. ಎಳೆದರೆ ಗೋಡೆಯೇ ಬರುತ್ತದೆ. ಮೇಲಿನದು ಕತ್ತರಿಸಿ, ಚಿಗುರಿದಂತೆಲ್ಲ ಮತ್ತೆ ಕತ್ತರಿಸಿ, ಬೇರು ಸತ್ತ ಮೇಲೆ ಆ ಪೊಳ್ಳಿಗೆ ಗಾರೆ ಇಳಿಸಬೇಕು. ಬಳ್ಳಾರಿ ಜಾಲಿಗೆ ಇದರ ಉಲ್ಟಾ. ನೆಲಮಟ್ಟಕ್ಕೆ ಕಡಿದರೆ ಒಂದಕ್ಕೆ ಹತ್ತಾಗಿ ಬರುತ್ತದೆ, ಒಂದಡಿ ಕೆಳಗೆ ಅಗೆದು ಬುಡದ ಗಂಟನ್ನೇ ತೆಗೆಯಬೇಕು. ಗೋಡೆಯಿಂದ ದೂರ ಇದ್ದಲ್ಲಿ ಮಾತ್ರ ಈ ಕೆಲಸ, ನೆನಪಿರಲಿ.

ಮಾಳಿಗೆ ಮನೆಯದು ಚಿಕ್ಕ ಕಥೆ. ತೊಲೆ, ಜಂತೆ, ಅದರ ಮೇಲೆ ಕಡ್ಡಿ ಸೊಪ್ಪು, ಅದರ ಮೇಲೆ ಮಣ್ಣು. ಮೇಲಿನ ಪದರಕ್ಕೆ ಕರಲು ಮಣ್ಣು ಬೇಕು. ಬೆಳೆ ಬರದ ಚೌಳು ನೆಲದಲ್ಲಿ ಸಿಗುತ್ತದಲ್ಲ, ಅದೇ. ರೈತನಿಗೆ ಶಾಪವಾದ ಆ ಮಣ್ಣು ಸೂರಿಗೆ ವರ. ನೀರು ತಾಗಿದ ಕೂಡಲೇ ಅದರ ಕಣಗಳು ಬಿಡಿ ಬಿಡಿಯಾಗಿ ಸಣ್ಣ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ, ನೀರು ಕೆಳಗೆ ಇಳಿಯುವುದಿಲ್ಲ. ವರ್ಷಕ್ಕೊಮ್ಮೆ ಮಳೆಗಾಲದ ಮುಂಚೆ ಎರಡು ಬುಟ್ಟಿ ಹಾಕಿ ಬಡಿಯಬೇಕು. ನಮ್ಮ ಅಜ್ಜಿ ಮನೆಯಲ್ಲಿ ಮಾಡುತ್ತಿದ್ದದ್ದನ್ನು ನಾನು ನೋಡಿದ್ದೆ. ನೋಡಿದ್ದೆ ಅಷ್ಟೇ, ಯಾಕೆ ಎಂದು ಕೇಳಿರಲಿಲ್ಲ. ಎರಡು ಜಂತೆ ಕೊಳೆತಿದ್ದವು, ಅವನ್ನು ಬದಲಿಸಿದೆವು. ಉಳಿದದ್ದು ಹಳೆಯದೇ.

ಬಾವಿಯಿಂದ ತೆಗೆದದ್ದು ಹೂಳು, ಬೈಕಿನ ಟಯರು, ಒಂದು ಕಪಿಲೆಯ ಗಾಲಿ. ಈಗಿನ ಮಕ್ಕಳಿಗೆ ಕಪಿಲೆ ಗೊತ್ತಿಲ್ಲ. ದೊಡ್ಡ ಚರ್ಮದ ಬಾನಿಗೆ ಹಗ್ಗ ಕಟ್ಟಿ ಗಾಲಿಯ ಮೇಲೆ ಹಾಯಿಸಿ ಜೋಡೆತ್ತಿಗೆ ಕಟ್ಟುತ್ತಿದ್ದರು. ಎತ್ತು ಇಳಿಜಾರಿನಲ್ಲಿ ಇಳಿದರೆ ಬಾನಿ ಮೇಲೆ ಬರುತ್ತದೆ. ಆ ಇಳಿಜಾರನ್ನು ಮಾತ್ರ ಜೆಸಿಬಿ ಮುಟ್ಟಿರಲಿಲ್ಲ, ದೇವರು ದೊಡ್ಡವನು. ಎತ್ತಿನ ಕಾಲು ತುಳಿದು ತುಳಿದು ಅಲ್ಲಿನ ಕಲ್ಲು ನುಣುಪಾಗಿದೆ. ಅದರ ಮೇಲೆ ಕೂತರೆ ಬಾವಿ, ಮಂಟಪ, ಕಿಂಡಿ ಮೂರೂ ಒಂದೇ ಗೆರೆಯಲ್ಲಿ ಕಾಣುತ್ತವೆ.

ಗಿಡಗಳ ವಿಷಯಕ್ಕೆ ನಮ್ಮಲ್ಲೇ ಜಗಳ ಆಯಿತು. ನನ್ನ ಮಗ ಹುಲ್ಲುಹಾಸು ಬೇಕೆಂದ, ಭಾವಮೈದ ಬಣ್ಣದ ಟೈಲ್ಸ್ ಬೇಕೆಂದ, ಒಬ್ಬರು ನೃತ್ಯ ಕಾರಂಜಿ ಹಾಕಿಸೋಣ ಎಂದರು. ಆರುನೂರು ಮಿಲಿಮೀಟರ್ ಆಸುಪಾಸಿನ ಮಳೆಯ ಸೀಮೆಯಲ್ಲಿ ಹುಲ್ಲುಹಾಸು! ನಾನು ಎಲ್ಲರನ್ನೂ ವ್ಯಾನಿನಲ್ಲಿ ಕೂರಿಸಿಕೊಂಡು ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿಗೆ ಕರೆದುಕೊಂಡು ಹೋದೆ. ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ, ನೀರಿನ ನಡುವೆ ವಸಂತ ಮಂಟಪ, ದಡದಲ್ಲಿ ಬಿಜಾಪುರದವರ ಕಾಲದ ಮುಸಾಫಿರ್‌ಖಾನೆ. ಮೆಟ್ಟಿಲ ಮೇಲೆ ಒಂದು ಗಂಟೆ ಕೂರಿಸಿದೆ. ಅಲ್ಲಿ ನೀರು, ಕಲ್ಲು, ನೆರಳು ಬಿಟ್ಟು ಬೇರೆ ಏನೂ ಬೇಕು ಅನ್ನಿಸುವುದಿಲ್ಲ. ಬರುವಾಗ ಕಾರಂಜಿಯ ಮಾತು ನಿಂತಿತ್ತು. ಟೈಲ್ಸಿನ ಮಾತು ನಿಲ್ಲಲು ಇನ್ನೊಂದು ವರ್ಷ ಬೇಕಾಯಿತು.

ಏನು ನೆಡಬೇಕು ಎಂದು ಹೇಳಿದ್ದು ಊರಿನ ಒಬ್ಬ ಅಜ್ಜಿ. ಚಿಕ್ಕ ಹುಡುಗಿಯಾಗಿದ್ದಾಗ ಅಲ್ಲಿ ಹೂ ಬಿಡಿಸಲು ಹೋಗುತ್ತಿದ್ದವರು. ಕೋಲು ಊರಿಕೊಂಡು ಬಂದು ತೋರಿಸಿದರು. "ಇಲ್ಲಿ ಸಂಪಿಗೆ ಇತ್ತು ಕಣಪ್ಪ. ಅಲ್ಲಿ ದಾಳಿಂಬೆ ಸಾಲು. ಗ್ವಾಡೆ ನೆಳ್ಳಿಗೆ ಕನಕಾಂಬರ." ಅಗೆದರೆ ಅವರು ತೋರಿಸಿದಲ್ಲೇ ಗಿಡದ ಪಾತಿಗೆ ಕಟ್ಟಿದ ಕಲ್ಲಿನ ಬಳೆಗಳು ಸಿಕ್ಕವು. ಮೂಡಣ ಗೋಡೆಯ ಮಗ್ಗುಲಿಗೆ ಜೆಸಿಬಿ ಹೋಗಿರಲಿಲ್ಲ. ಅಲ್ಲಿ ಜಾಲಿಯ ಕೆಳಗೆ ಕನಕಾಂಬರ ಇನ್ನೂ ಜೀವ ಹಿಡಿದಿತ್ತು. ಅದರ ಕಾಯಿ ಒಣಗಿ, ಮಳೆ ಹನಿ ತಾಗಿದರೆ ಪಟ್ ಎಂದು ಸಿಡಿದು ಬೀಜ ಎಸೆಯುತ್ತದೆ. ಹಾಗೆ ತನಗೆ ತಾನೇ ಬಿತ್ತಿಕೊಂಡು ಎಷ್ಟು ವರ್ಷದಿಂದ ಇತ್ತೋ. ಅಜ್ಜಿ ಒಂದು ಹೂ ಕಿತ್ತು ಮುಡಿಗೆ ಸಿಕ್ಕಿಸಿಕೊಂಡು, ಯಾರನ್ನೂ ಕೇಳದೆ, ಮನೆಗೆ ಹೋದರು.

ಕಾಗದ ಪತ್ರದ ಬಗ್ಗೆ ಎರಡೇ ಮಾತು. ನಿಮ್ಮ ಹಳೆ ಮನೆ ಅಥವಾ ತೋಟ ಕೇಂದ್ರ ಪುರಾತತ್ವ ಇಲಾಖೆ ರಕ್ಷಿಸಿದ ಸ್ಮಾರಕದ ಹತ್ತಿರ ಇದ್ದರೆ, ಮೊದಲ 100 ಮೀಟರಿನಲ್ಲಿ ಹೊಸದಾಗಿ ಕಟ್ಟುವಂತಿಲ್ಲ, ರಿಪೇರಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರಿನಲ್ಲೂ ಅನುಮತಿ ಪಡೆದೇ ಕೆಲಸ. ದುರ್ಗದ ಕೋಟೆಯ ಅಂಚಿನಲ್ಲಿ ಮನೆ ಇರುವವರು ಇಲ್ಲಿ ತುಂಬ ಜನ ಇದ್ದೀರಿ, ಅದಕ್ಕೆ ಹೇಳಿದೆ. ನಮ್ಮದು ದೂರ ಇತ್ತು, ಬಚಾವು.

ಖರ್ಚು ಎಷ್ಟಾಯಿತು ಎಂದು ಹಿಂದಿನ ಸಾಲಿನಿಂದ ಕೇಳುತ್ತಿದ್ದಾರೆ. ಹೆಂಡತಿ ಇಲ್ಲೇ ಕೂತಿದ್ದಾಳೆ, ಆದ್ದರಿಂದ ಪೂರ್ತಿ ಹೇಳುವುದಿಲ್ಲ. ಸಾಮಾನಿಗಿಂತ ಕೂಲಿಗೆ ಜಾಸ್ತಿ ಹೋಯಿತು, ಅದರಲ್ಲಿ ನನಗೆ ಬೇಸರ ಇಲ್ಲ. ಮೇಸ್ತ್ರಿಯ ಜೊತೆ ನಾಲ್ಕು ಹುಡುಗರು ಕಲಿತರು. ಒಬ್ಬ ಈಗ ಬೇರೆ ಊರಿನ ದೇವಸ್ಥಾನದ ಗಾರೆ ಕೆಲಸಕ್ಕೆ ಹೋಗುತ್ತಿದ್ದಾನೆ. ಮೇಸ್ತ್ರಿಯವರು ಹೋದ ವರ್ಷ ತೀರಿಕೊಂಡರು.

ಇನ್ನೊಂದು ಪ್ರಶ್ನೆ, ಪೂರ್ತಿ ಮುಗಿಯಿತಾ ಅಂತ. ಇಲ್ಲ. ಮಂಟಪದ ವಾಲಿದ ಕಂಬಕ್ಕೆ ಇನ್ನೂ ಮರದ ಆಸರೆ ಕೊಟ್ಟೇ ನಿಲ್ಲಿಸಿದ್ದೇವೆ. ಕಾಲುವೆಯಲ್ಲಿ ನಡುವೆ ನಲವತ್ತು ಅಡಿ ಸಿಕ್ಕಿಲ್ಲ. ಕಿಂಡಿಯಿಂದ ಹೂಳು ಗುಂಡಿಯವರೆಗೆ ಗೊತ್ತು, ಬಾವಿಯ ಹತ್ತಿರದ ತುದಿ ಗೊತ್ತು. ನಡುವಿನದನ್ನು ನನ್ನ ಯಂತ್ರ ತಿಂದು ಹಾಕಿತು. ಸುಲಭಕ್ಕೆ ಒಂದು ಪ್ಲಾಸ್ಟಿಕ್ ಪೈಪ್ ಹೂಳಿಬಿಡಬಹುದು, ಅದನ್ನೇ ಎಲ್ಲರೂ ಹೇಳುತ್ತಿದ್ದಾರೆ. ನಾನು ಬಿಟ್ಟಿಲ್ಲ. ಮುಂದಿನ ತಿಂಗಳು ಎರಡನೇ ಭಾನುವಾರ ಬಂಡೆಯ ಮೇಲಿಂದ ನೀರು ಬಿಟ್ಟು, ಅದು ಎಲ್ಲಿ ತಿರುಗುತ್ತದೆ ಎಂದು ಸುಣ್ಣದಲ್ಲಿ ಗೆರೆ ಹಾಕುತ್ತಾ ಹೋಗುವವರಿದ್ದೇವೆ. ಬರುವವರು ಬೆಳಗ್ಗೆ ಏಳಕ್ಕೆ ಬನ್ನಿ, ಮಂಡಕ್ಕಿ ಮೆಣಸಿನಕಾಯಿ ನಮ್ಮದು. ಒಂದೊಂದು ಕೊಡ ನೀವೇ ತನ್ನಿ.